ಕಲಿಯುವವರ ಅನ್ನ ಯಾವ ಹೊಲದ್ದು?

ನಮ್ಮ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟದ ದಾಸ್ತಾನು ಪುಸ್ತಕವನ್ನು ಬರೆಯುವ ಕೆಲಸ ಕನ್ನಡ ಪಂಡಿತನಾದ ನನ್ನ ಪಾಲಿಗೆ ಬಂದಿದೆ. ಇಷ್ಟು ಮೂಟೆ ಬಂದಿತು, ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು ಎಂಬುದು ದಿನದಿನದ ಲೆಕ್ಕ. ಸಂಧಿ ಸಮಾಸಗಳನ್ನು ಹೇಳಿಕೊಡುವವನಿಗೆ ಅಕ್ಕಿ ಬೇಳೆಯ ಗೊಡವೆ ಏಕೆಂದು ಮೊದಮೊದಲು ಬೇಸರಪಟ್ಟದ್ದೂ ಉಂಟು. ಕಳೆದ ವರ್ಷ ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಟ್ಟೆ ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತ. "ಸಾರ್, ಈ ಅಕ್ಕಿ ಯಾವೂರ್ದು?" ಎಂದು ಕೇಳಿದ.

ಪ್ರಶ್ನೆ ಸಣ್ಣದು, ಉತ್ತರ ನನಗೆ ತಿಳಿದಿರಲಿಲ್ಲ. ಗೋದಾಮಿನಿಂದ ಬಂದದ್ದು ಎಂದೆ. "ಗೋದಾಮಿಗೆ ಎಲ್ಲಿಂದ ಬಂತು ಸಾರ್?" ಎಂದ. ಇಬ್ಬರೂ ಹೋಗಿ ಮೂಟೆಯನ್ನು ಹೊರಳಿಸಿ ನೋಡಿದೆವು. ಮೇಲಿನ ಮುದ್ರೆ ಅರ್ಧ ಅಳಿಸಿಹೋಗಿತ್ತು. ಅದು ನಮ್ಮ ರಾಜ್ಯದ ಹೆಸರಲ್ಲ ಎಂಬಷ್ಟು ಮಾತ್ರ ತಿಳಿಯಿತು. ಶಾಲೆಯ ಕಿಟಕಿಯಾಚೆಗೆ ನಾಲೆಯ ನೀರು ಕುಡಿದ ಗದ್ದೆಗಳು ಕಣ್ಣು ಹರಿಯುವಷ್ಟು ದೂರ ಹಸುರಾಗಿದ್ದುವು. ಅವುಗಳಲ್ಲಿ ಒಂದು ಆ ಹುಡುಗನ ತಂದೆಯದು.

ಈ ಪ್ರಶ್ನೆ ಆ ಹುಡುಗನಿಗೆ ಮಾತ್ರ ಹೊಳೆದದ್ದಲ್ಲ. 1980ರ ದಶಕದಲ್ಲಿ ಅಮೆರಿಕಾದ ಆರ್ಕನ್ಸಾ ರಾಜ್ಯದ ಹೆಂಡ್ರಿಕ್ಸ್ ಕಾಲೇಜಿನ ಕೆಲವರು ವಿದ್ಯಾರ್ಥಿಗಳು ತಮ್ಮ ಭೋಜನಶಾಲೆಯ ಖರೀದಿ ಬಿಲ್ಲುಗಳನ್ನು ಹಿಡಿದು, ತಾವು ಉಣ್ಣುವ ಪದಾರ್ಥ ಎಲ್ಲಿಂದ ಬರುತ್ತದೆ ಎಂದು ಜಾಡು ಹಿಡಿದು ಹೋದರು. ಡೇವಿಡ್ ಆರ್ ಎಂಬ ಶಿಕ್ಷಣತಜ್ಞರು ಇದರ ವಿಷಯವಾಗಿ ಬರೆದಿದ್ದಾರೆ. ಕಾಲೇಜಿನ ಸುತ್ತಮುತ್ತ ದನ ಸಾಕುವ ಸೀಮೆ. ಆದರೆ ಮಾಂಸ ಬರುತ್ತಿದ್ದದ್ದು ದೂರದ ಟೆಕ್ಸಾಸಿನ ಅಮರಿಲ್ಲೋ ಪಟ್ಟಣದಿಂದ. ಇನ್ನು ಅಕ್ಕಿ. ಅಮೆರಿಕಾದಲ್ಲೆಲ್ಲ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯವೇ ಆರ್ಕನ್ಸಾ. ಅಲ್ಲಿನ ಕಾಲೇಜಿಗೆ ಅಕ್ಕಿ ಬರುತ್ತಿದ್ದದ್ದು ಪಕ್ಕದ ಮಿಸಿಸಿಪ್ಪಿ ರಾಜ್ಯದಿಂದ! ನಮ್ಮ ಹುಡುಗನೂ ಆ ಹುಡುಗರೂ ಒಬ್ಬರನ್ನೊಬ್ಬರು ಕಂಡಿದ್ದರೆ ಭಾಷೆ ಬಾರದಿದ್ದರೂ ಮಾತು ಕಷ್ಟವಾಗುತ್ತಿರಲಿಲ್ಲ.

ಹೀಗಾದದ್ದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕಾದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೊಳೆಯಂತೆ ಏರಿತು. ನ್ಯೂಯಾರ್ಕ್ ರಾಜ್ಯದ ಹೋಬಾರ್ಟ್ ಕಾಲೇಜಿನಲ್ಲಿ 1948ರಲ್ಲಿ ಮೂವರು ವಿದ್ಯಾರ್ಥಿಗಳೇ ಊಟದ ಮನೆಯನ್ನು ನಡೆಸಲು ವಹಿಸಿಕೊಂಡರು. ಆ ಅಡಿಗೆಮನೆ ಬೆಳೆದು 'ಸಾಗಾ' ಎಂಬ ದೊಡ್ಡ ಕಂಪನಿಯಾಯಿತು; ನೂರಾರು ಕಾಲೇಜುಗಳಿಗೆ ಊಟ ಒದಗಿಸಿತು; 1986ರಲ್ಲಿ ಅದಕ್ಕಿಂತ ದೊಡ್ಡದಾದ ಮ್ಯಾರಿಯಟ್ ಕಂಪನಿ ಅದನ್ನು ಕೊಂಡುಕೊಂಡಿತು. ದೊಡ್ಡ ಕಂಪನಿ ಒಟ್ಟಾಗಿ ಕೊಳ್ಳುತ್ತದೆ, ಅಗ್ಗವಾಗಿ ಕೊಳ್ಳುತ್ತದೆ, ಎಲ್ಲಿ ಸಿಕ್ಕಿದರೆ ಅಲ್ಲಿ ಕೊಳ್ಳುತ್ತದೆ. ಕಾಲೇಜಿನ ಬೇಲಿಯಾಚೆಯ ರೈತ ಅದರ ಕಣ್ಣಿಗೆ ಬೀಳುವಷ್ಟು ದೊಡ್ಡವನಲ್ಲ.

ಇದಕ್ಕೆ ಪ್ರತಿಯಾಗಿ ಎದ್ದದ್ದೇ ಈಚಿನ ಲೆಕ್ಕದ ಚಳವಳಿ. 2001ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ, ಆಲಿಸ್ ವಾಟರ್ಸ್ ಎಂಬ ಪ್ರಸಿದ್ಧ ಪಾಕಶಾಸ್ತ್ರಜ್ಞೆಯ ನೆರವಿನಿಂದ, ಹತ್ತಿರದ ಹೊಲಗಳ ಆಹಾರವನ್ನು ಭೋಜನಶಾಲೆಗೆ ತರುವ ಯೋಜನೆಯೊಂದು ಆರಂಭವಾಯಿತು. ಅಂಥ ಊಟ ದೊರೆಯುತ್ತಿದ್ದ ಒಂದು ವಸತಿಗೃಹಕ್ಕೆ ಬೇರೆ ವಸತಿಗಳ ವಿದ್ಯಾರ್ಥಿಗಳು ನುಸುಳಿ ಬಂದು ಉಣ್ಣತೊಡಗಿದರಂತೆ. 2008ರಲ್ಲಿ ವಿದ್ಯಾರ್ಥಿಗಳದೇ ಒಂದು ಸಂಘಟನೆ ಹುಟ್ಟಿತು. 'ರಿಯಲ್ ಫುಡ್ ಚಾಲೆಂಜ್' ಎಂದು ಅದರ ಹೆಸರು. ಭೋಜನಶಾಲೆಯ ಬಿಲ್ಲುಗಳನ್ನು ಸಾಲುಸಾಲಾಗಿ ಓದಿ, ಒಂದೊಂದು ಪದಾರ್ಥವೂ ಹತ್ತಿರದ್ದೇ, ಕೂಲಿಯವರಿಗೆ ನ್ಯಾಯ ಸಲ್ಲಿಸಿ ಬೆಳೆದದ್ದೇ, ನೆಲ ಜಲಗಳನ್ನು ಕೆಡಿಸದೆ ಬೆಳೆದದ್ದೇ, ಪ್ರಾಣಿಗಳನ್ನು ಹಿಂಸಿಸದೆ ಪಡೆದದ್ದೇ ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕುವುದು ಅವರ ಕ್ರಮ. 2020ರೊಳಗೆ ಕಾಲೇಜುಗಳ ಆಹಾರದಲ್ಲಿ ನೂರಕ್ಕೆ 20 ಭಾಗ ಈ ಬಗೆಯದಾಗಬೇಕು, ಅಂದರೆ ವರ್ಷಕ್ಕೆ ನೂರು ಕೋಟಿ ಡಾಲರಿನ ಖರೀದಿ ಇತ್ತ ತಿರುಗಬೇಕು ಎಂಬುದು ಅವರ ಗುರಿಯಾಗಿತ್ತು. 2010ರಲ್ಲಿ ಆರಂಭವಾದ 'ಸ್ಟಾರ್ಸ್' ಎಂಬ ಇನ್ನೊಂದು ಲೆಕ್ಕ ಕಾಲೇಜುಗಳಿಗೆ ಅಂಕಗಳನ್ನೇ ಕೊಡುತ್ತದೆ. ಅದರ ಮೊದಲ ನಿಯಮಾವಳಿಯಲ್ಲಿ 250 ಮೈಲಿಗಳ ಒಳಗೆ ಬೆಳೆದು ಸಿದ್ಧವಾದದ್ದು 'ಸ್ಥಳೀಯ' ಎನಿಸಿಕೊಳ್ಳುತ್ತಿತ್ತು. 250 ಮೈಲಿ ಎಂದರೆ ಸುಮಾರು 400 ಕಿಲೋಮೀಟರು. ಬೆಂಗಳೂರನ್ನು ನಡುವೆ ಇಟ್ಟು ಅಷ್ಟು ದೂರಕ್ಕೆ ಸುತ್ತು ಗೆರೆ ಎಳೆದರೆ ಚೆನ್ನೈಯೂ ಮಧುರೆಯೂ ಒಳಗೇ ಬೀಳುತ್ತವೆ. ಮಧುರೆಯ ಬೆಂಡೆಕಾಯಿಯನ್ನು ಬೆಂಗಳೂರಿನವರು ನಮ್ಮೂರಿನದೆಂದು ಒಪ್ಪಿಯಾರೆ? ವಿಶಾಲವಾದ ದೇಶ, ಅವರ 'ಹತ್ತಿರ'ವೂ ವಿಶಾಲವೇ ಇರಬೇಕು.

ಇರಲಿ, ಮೈಲಿಯ ಮಾತು ಹಾಗಿರಲಿ. ನನಗೆ ಇದರಲ್ಲಿ ಯೋಚನೆಗೆ ಹಚ್ಚಿದ್ದು ಬೇರೊಂದು ಸಂಗತಿ. ಈ ಎರಡು ಲೆಕ್ಕಗಳೂ ನೂರಕ್ಕೆ ಇಷ್ಟು ಎಂದು ಹೇಳುವುದು ಕಾಳಿನ ತೂಕದಲ್ಲಿ ಅಲ್ಲ, ಖರ್ಚಾದ ಹಣದಲ್ಲಿ. ನೂರು ಡಾಲರಿನಲ್ಲಿ 20 ಡಾಲರು ಹತ್ತಿರದ ರೈತನಿಗೆ ಹೋದರೆ ನೂರಕ್ಕೆ 20. ನಾಳೆ ಹತ್ತಿರದ ಟೊಮೇಟೋ ಹಣ್ಣಿಗೆ ಬೆಲೆ ಏರಿದರೆ, ತಟ್ಟೆಯಲ್ಲಿ ಒಂದು ಹೋಳೂ ಹೆಚ್ಚದೆ ಲೆಕ್ಕ ಮಾತ್ರ ಮೇಲೇರುತ್ತದೆ. ಅನ್ನವನ್ನು ಹಣದಲ್ಲಿ ಅಳೆಯುವುದೋ ಧಾನ್ಯದಲ್ಲಿ ಅಳೆಯುವುದೋ ಎಂಬುದು ನಿನ್ನೆ ಮೊನ್ನೆಯ ಪ್ರಶ್ನೆಯಲ್ಲ. ನಾಲ್ಕೂವರೆ ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಪಾರ್ಲಿಮೆಂಟು ಇದೇ ಪ್ರಶ್ನೆಗೆ ಒಂದು ಕಾನೂನನ್ನೇ ಮಾಡಿತು. ಅದರ ಕಥೆ ಸ್ವಲ್ಪ ನಿಂತು ಕೇಳತಕ್ಕದ್ದು.

ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು 1264ರಲ್ಲಿ ಸ್ಥಾಪಿತವಾದುದು. ಸ್ಥಾಪಕನಾದ ವಾಲ್ಟರ್ ಡಿ ಮರ್ಟನ್ ಅದಕ್ಕೆ ಕೊಟ್ಟದ್ದು ಹಣದ ಥೈಲಿಯಲ್ಲ, ಹಳ್ಳಿಗಳು. ಕಾಲೇಜಿಗೆ ಸೇರಿದ ಅಂಥ ಹಳ್ಳಿಗಳಲ್ಲಿ ಆಕ್ಸ್‌ಫರ್ಡ್ ಸೀಮೆಯ ಕಕ್ಸಮ್ ಎಂಬುದು ಒಂದು. ಈ ಪುಟ್ಟ ಹಳ್ಳಿಯ ವರ್ಷವರ್ಷದ ಲೆಕ್ಕಪತ್ರಗಳು ಚರ್ಮದ ಸುರುಳಿಗಳಲ್ಲಿ ಇಂದಿಗೂ ಉಳಿದಿವೆ. ಎಷ್ಟು ಗೋಧಿ ಬೆಳೆಯಿತು, ಬೀಜಕ್ಕೆ ಎಷ್ಟು ತೆಗೆದಿಟ್ಟರು, ಉಳುವವರಿಗೂ ದನ ಕಾಯುವವರಿಗೂ ಕೂಲಿಯಾಗಿ ಎಷ್ಟು ಕಾಳು ಕೊಟ್ಟರು, ಥೇಮ್ಸ್ ನದಿಯ ದಡದ ಹೆನ್ಲಿ ಪೇಟೆಯಲ್ಲಿ ಎಷ್ಟು ಮಾರಿದರು ಎಂಬುದೆಲ್ಲ ಅವುಗಳಲ್ಲಿ ಉಂಟು. ಕಾಲೇಜಿನ ಪರವಾಗಿ ಹಳ್ಳಿಯ ಬೇಸಾಯವನ್ನು ನೋಡಿಕೊಂಡು ಲೆಕ್ಕ ಒಪ್ಪಿಸಬೇಕಾದವನು ಆ ಊರಿನ ರೈತರಲ್ಲೇ ಒಬ್ಬ. ನಮ್ಮ ಕಡೆಯ ಪಟೇಲನಿದ್ದಂತೆ ಎನ್ನಬಹುದು. 1311ರಿಂದ ಆ ಕೆಲಸ ರಾಬರ್ಟ್ ಓಲ್ಡ್‌ಮನ್ ಎಂಬವನದಾಗಿತ್ತು. ಸುಮಾರು 38 ವರ್ಷ ಅವನು ಕಾಳಿನ ಲೆಕ್ಕ ಒಪ್ಪಿಸಿದ. ಇಂಥವರಿಗೆ ಸಾಮಾನ್ಯವಾಗಿ ಓದುಬರಹ ಬರುತ್ತಿರಲಿಲ್ಲ. ಕಚ್ಚು ಹಾಕಿದ ಕಡ್ಡಿಗಳೂ ನೆನಪೂ ಇವರ ಪುಸ್ತಕ. ಗುಮಾಸ್ತನೊಬ್ಬ ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದ. 1349ರ ಮಹಾಮಾರಿಯಲ್ಲಿ ರಾಬರ್ಟ್ ತೀರಿಕೊಂಡ. ಆಕ್ಸ್‌ಫರ್ಡಿನಲ್ಲಿ ತರ್ಕಶಾಸ್ತ್ರ ಓದಿದ ಎಷ್ಟು ಪಂಡಿತರ ಹೆಸರು ಅಳಿದುಹೋಗಿದೆಯೋ! ಅವರ ರೊಟ್ಟಿಯ ಲೆಕ್ಕವನ್ನು ಇಟ್ಟ ಈ ರೈತನ ಹೆಸರು ಮಾತ್ರ ಉಳಿದಿದೆ.

ಆಮೇಲಿನ ಕಾಲದಲ್ಲಿ ಕಾಲೇಜುಗಳು ತಾವೇ ಬೇಸಾಯ ಮಾಡಿಸುವುದನ್ನು ಬಿಟ್ಟು ಹೊಲಗಳನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟುವು. ಗುತ್ತಿಗೆ ಹಣದಲ್ಲಿ ನಿಗದಿಯಾಯಿತು. ಹದಿನಾರನೆಯ ಶತಮಾನದಲ್ಲಿ ಬಂದಿತು ಕಷ್ಟ. ಎಂಟನೆಯ ಹೆನ್ರಿ ನಾಣ್ಯದಲ್ಲಿ ಬೆಳ್ಳಿಗೆ ತಾಮ್ರ ಬೆರೆಸಿ ಕೆಡಿಸಿದ, ಅಮೆರಿಕಾ ಖಂಡದ ಗಣಿಗಳ ಬೆಳ್ಳಿ ಯೂರೋಪಿಗೆಲ್ಲ ಹರಿದು ಬಂದಿತು, ಜನಸಂಖ್ಯೆಯೂ ಬೆಳೆಯಿತು. ಪದಾರ್ಥಗಳ ಬೆಲೆ ಏರಿತು. ಕಾಲೇಜಿಗೆ ಬರುವ ಗುತ್ತಿಗೆ ಹಣ ಮಾತ್ರ ಅಜ್ಜನ ಕಾಲದಲ್ಲಿ ಬರೆದಷ್ಟೇ. ಹೊಲ ಕಾಲೇಜಿನದೇ, ಗೋಧಿ ಆ ಹೊಲದ್ದೇ. ಆದರೂ ಊಟದ ಮೇಜಿನ ಮೇಲೆ ರೊಟ್ಟಿ ಸಣ್ಣದಾಗುತ್ತ ಬಂದಿತು.

1576ರಲ್ಲಿ, ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಇದರ ಹಿಂದೆ ಇದ್ದವನು ಕೇಂಬ್ರಿಜ್ಜಿನಲ್ಲಿ ಓದಿ ಅಲ್ಲಿಯೇ ಪಾಠ ಹೇಳಿ, ಬಳಿಕ ರಾಣಿಯ ಕಾರ್ಯದರ್ಶಿಯಾದ ಸರ್ ತಾಮಸ್ ಸ್ಮಿತ್ ಎಂದು ಹೇಳುವರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕಾಲೇಜುಗಳೂ ವಿಂಚೆಸ್ಟರ್, ಈಟನ್ ಶಾಲೆಗಳೂ ಇನ್ನು ಮುಂದೆ ಗುತ್ತಿಗೆ ಕೊಡುವಾಗ, ಹಳೆಯ ಗುತ್ತಿಗೆಯ ಮೂರರಲ್ಲಿ ಒಂದು ಭಾಗವನ್ನು ಧಾನ್ಯದಲ್ಲಿ ನಿಗದಿ ಮಾಡತಕ್ಕದ್ದು; ಗೋಧಿಯನ್ನು ಕ್ವಾರ್ಟರಿಗೆ 6 ಷಿಲಿಂಗ್ 8 ಪೆನ್ನಿ, ಮೊಳಕೆಗಟ್ಟಿಸಿದ ಜವೆಯನ್ನು 5 ಷಿಲಿಂಗ್ ಎಂದು ಲೆಕ್ಕ ಹಿಡಿಯತಕ್ಕದ್ದು; ಗುತ್ತಿಗೆದಾರ ಧಾನ್ಯವನ್ನೇ ತಂದು ಅಳೆಯಬಹುದು, ಇಲ್ಲವೇ ಆ ಊರಿನ ಪೇಟೆಯಲ್ಲಿ ಅಂದು ನಡೆಯುವ ಬೆಲೆಯನ್ನು ಕೊಡಬಹುದು. ಬಂದದ್ದನ್ನು ಕಾಲೇಜಿನವರ ಊಟಕ್ಕೇ ಬಳಸತಕ್ಕದ್ದು. ಕ್ವಾರ್ಟರ್ ಎಂದರೆ ಎಂಟು ಬುಷೆಲ್; ಗೋಧಿಯಾದರೆ ಎರಡು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು.

ಮಕ್ಕಳಿಗೆ ಲೆಕ್ಕ ಹೇಳುವ ಉಪಾಧ್ಯಾಯರು ಇದನ್ನು ಬೋರ್ಡಿನ ಮೇಲೆ ಬಿಡಿಸಬಹುದು. ಒಂದು ಹೊಲದ ಗುತ್ತಿಗೆ ವರ್ಷಕ್ಕೆ 3 ಪೌಂಡು ಎಂದಿರಲಿ. 2 ಪೌಂಡು ಹಣವಾಗಿಯೇ ಉಳಿಯಿತು. ಮಿಕ್ಕ 1 ಪೌಂಡು, ಅಂದರೆ 20 ಷಿಲಿಂಗು, ಗೊತ್ತಾದ ದರದಲ್ಲಿ ಸರಿಯಾಗಿ 3 ಕ್ವಾರ್ಟರ್ ಗೋಧಿಯಾಯಿತು. ಗೋಧಿಯ ಬೆಲೆ ನಾಲ್ಕು ಮಡಿಯಾಗಿ 26 ಷಿಲಿಂಗ್ 8 ಪೆನ್ನಿಗೆ ಏರಿತೆನ್ನೋಣ. ಹಣದ ಭಾಗ ಅದೇ 2 ಪೌಂಡು. ಗೋಧಿಯ ಭಾಗ 4 ಪೌಂಡು. ಇದು ನಾನು ಕಟ್ಟಿದ ಕಥೆಯಲ್ಲ. ಆಡಂ ಸ್ಮಿತ್ ತನ್ನ ಪ್ರಸಿದ್ಧ ಅರ್ಥಶಾಸ್ತ್ರ ಗ್ರಂಥವನ್ನು ಪ್ರಕಟಿಸಿದ್ದು 1776ರಲ್ಲಿ, ಶಾಸನವಾದ ಸರಿಯಾಗಿ 200 ವರ್ಷಗಳ ಮೇಲೆ. ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ನನ ಮಾತನ್ನು ಆಧಾರವಾಗಿಟ್ಟುಕೊಂಡು ಅವನು ಹೇಳುತ್ತಾನೆ: ಮೂರರಲ್ಲಿ ಒಂದು ಭಾಗವಾಗಿದ್ದ ಧಾನ್ಯದ ಗುತ್ತಿಗೆ ಈಗ ಮಿಕ್ಕೆರಡು ಭಾಗಗಳ ಹಣಕ್ಕೆ ಹತ್ತಿರ ಹತ್ತಿರ ಇಮ್ಮಡಿ ಬರುತ್ತದೆ, ಅಂದರೆ ಹಣವಾಗಿ ಉಳಿದದ್ದರ ಬೆಲೆ ನಾಲ್ಕರಲ್ಲಿ ಒಂದಕ್ಕೆ ಇಳಿದುಹೋಯಿತು. ಇದರ ಹೊರೆ ಗುತ್ತಿಗೆದಾರನ ಮೇಲೂ ಬಿತ್ತೆಂಬುದನ್ನು ಮರೆಯಬಾರದು. ಬೆಲೆ ಏರಿದ ವರ್ಷ ಅವನು ಹೆಚ್ಚು ಕೊಡಲೇಬೇಕಾಗಿತ್ತು. ಕಾಲಕ್ರಮದಲ್ಲಿ ಬಂಡಿಯಲ್ಲಿ ಗೋಧಿ ಬರುವುದು ನಿಂತು ಪೇಟೆಯ ಬೆಲೆಯೇ ಬರತೊಡಗಿತು. ಆದರೂ ಅಳತೆಗೋಲು ಗೋಧಿಯಾಗಿಯೇ ಇದ್ದುದರಿಂದ ರೊಟ್ಟಿ ಉಳಿಯಿತು.

ಇಂಥ ಕಡತಗಳ ಬೆಲೆ ಬಹುಕಾಲದ ಮೇಲೆ ತಿಳಿದದ್ದು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ತೊರೋಲ್ಡ್ ರೋಜರ್ಸ್ ಕಾಲೇಜುಗಳ ಉಗ್ರಾಣದ ಲೆಕ್ಕಗಳನ್ನೂ ಹಳ್ಳಿಗಳ ಸುರುಳಿಗಳನ್ನೂ ಬಿಚ್ಚಿ ಓದಿ, ಇಂಗ್ಲೆಂಡಿನ ಬೇಸಾಯ ಮತ್ತು ಬೆಲೆಗಳ ಚರಿತ್ರೆಯನ್ನು ಏಳು ಸಂಪುಟಗಳಲ್ಲಿ ಬರೆದ. ಮೊದಲನೆಯವು 1866ರಲ್ಲಿ ಬಂದುವು. ಕೊನೆಯದು ಅವನು ತೀರಿಕೊಂಡ ಮೇಲೆ 1902ರಲ್ಲಿ. ಐನೂರಕ್ಕೂ ಹೆಚ್ಚು ವರ್ಷಗಳ ಕಾಲ ಒಬ್ಬ ಕೂಲಿಗಾರನ ದಿನದ ಕೂಲಿಗೆ ಎಷ್ಟು ಗೋಧಿ ಸಿಕ್ಕುತ್ತಿತ್ತೆಂದು ಇಂದು ನಾವು ಹೇಳಬಲ್ಲೆವಾದರೆ, ಅದಕ್ಕೆ ಬಹುಮಟ್ಟಿಗೆ ಕಾಲೇಜಿನ ಅಡಿಗೆಯವರೂ ಉಗ್ರಾಣಿಕರೂ ಕಾರಣ.

ಇಂಗ್ಲೆಂಡಿನಿಂದ ಹೋಗಿ ಅಮೆರಿಕಾದಲ್ಲಿ ನೆಲಸಿದವರು 1636ರಲ್ಲಿ ಹಾರ್ವರ್ಡ್ ಕಾಲೇಜನ್ನು ಸ್ಥಾಪಿಸಿದಾಗ ಈ ಅಭ್ಯಾಸವನ್ನೂ ಜೊತೆಗೆ ಒಯ್ದರು. ಮೊದಲ ಅಧ್ಯಾಪಕನ ಹೆಂಡತಿ ಊಟ ಕೆಟ್ಟದಾಗಿ ಹಾಕಿದ್ದಕ್ಕೆ 1639ರಲ್ಲಿ ನ್ಯಾಯಸ್ಥಾನದ ಮುಂದೆ ಒಪ್ಪಿಕೊಳ್ಳಬೇಕಾಯಿತು. 1766ರಲ್ಲಿ ಮುಗ್ಗಲು ಬೆಣ್ಣೆಯ ಕಾರಣ ವಿದ್ಯಾರ್ಥಿಗಳು ದಂಗೆಯನ್ನೇ ಎದ್ದರು. ಇವು ನಗುವಿನ ಕಥೆಗಳು. ನಮಗೆ ಬೇಕಾದದ್ದು 1650ರ ದಶಕದಲ್ಲಿ ಉಗ್ರಾಣಿಕನಾಗಿದ್ದ ತಾಮಸ್ ಚೆಸೋಂ ಬರೆದಿಟ್ಟ ಪುಸ್ತಕ. ಆ ಹೊಸ ನಾಡಿನಲ್ಲಿ ನಾಣ್ಯ ವಿರಳ. ಹುಡುಗನ ಖರ್ಚಿಗೆ ತಂದೆ ಗೋಧಿ ತಂದ, ಮುಸುಕಿನ ಜೋಳ ತಂದ, ಬೆಣ್ಣೆ ತಂದ, ಕುರಿಯನ್ನೇ ಹೊಡೆದುಕೊಂಡು ಬಂದ ಎಂದು ಹೆಸರು ಹೆಸರಿಗೆ ಜಮೆಯಾಗಿದೆ. ಯಾರ ಮಗ ಯಾರ ಹೊಲದ ಕಾಳು ಉಂಡ ಎಂಬುದಕ್ಕೆ ಅಲ್ಲಿ ಬೇರೆ ಸಂಶೋಧನೆಯೇ ಬೇಕಿರಲಿಲ್ಲ.

ಇಷ್ಟು ದೂರ ಹೋಗಿ ಬಂದವನು ನಮ್ಮ ನಾಡಿನ ಶಾಸನಗಳನ್ನು ಹೇಳದೆ ಮುಗಿಸಿದರೆ ಕನ್ನಡ ಪಂಡಿತನೆಂಬ ಹೆಸರಿಗೆ ಕುಂದು. ಮರ್ಟನ್ ಕಾಲೇಜು ಹುಟ್ಟುವುದಕ್ಕೆ ಆರು ಶತಮಾನಗಳ ಹಿಂದೆಯೇ ನಾಳಂದವಿತ್ತು. ಅಲ್ಲಿ ಓದಿದ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆಯಲ್ಲಿ ಊಟದ ಏರ್ಪಾಟಿನ ವಿವರವುಂಟು. ಅರಸನು ಸುಮಾರು 100 ಹಳ್ಳಿಗಳ ಉತ್ಪತ್ತಿಯನ್ನು ಬಿಟ್ಟುಕೊಟ್ಟಿದ್ದ. ಆ ಹಳ್ಳಿಗಳ 200 ಮನೆಯವರು ದಿನದಿನವೂ ಅಕ್ಕಿಯನ್ನೂ ಬೆಣ್ಣೆ ಹಾಲನ್ನೂ ತಂದು ಒಪ್ಪಿಸುತ್ತಿದ್ದರು. ಆ ಯಾತ್ರಿಕನಿಗೆ ದಿನಕ್ಕೆ ಸಲ್ಲುತ್ತಿದ್ದ ವೀಳ್ಯದ ಅಡಿಕೆ 20, ಜಾಯಿಕಾಯಿ 20 ಎಂಬುದೂ ಎಣಿಕೆಯಾಗಿ ಬರೆದಿದೆ. ಜೊತೆಗೆ ಒಂದು ಅಳತೆ ಮಹಾಶಾಲಿ ಅಕ್ಕಿ. ಮಗಧದಲ್ಲಲ್ಲದೆ ಬೇರೆಲ್ಲೂ ಬೆಳೆಯದ, ಕಾಳು ದಪ್ಪನೆಯ, ಬೆಂದಾಗ ಘಮಘಮಿಸುವ ಅಕ್ಕಿ. ಹತ್ತಿರದ ಹೊಲದ್ದು ಎಂಬುದು ಅಲ್ಲಿ ಅಗ್ಗದ ಮಾತಲ್ಲ, ಮರ್ಯಾದೆಯ ಮಾತು.

ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿಯ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ಊರಿನ ಹೆಸರು ಆಗ ಪಾವಿಟ್ಟಗೆ. 'ಶಾಲಾ ಪಾವಿಟ್ಟಗೆ' ಎಂಬುದೇ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಶಾಲೆ ಅಳಿದು ಸಾವಿರ ವರ್ಷವಾದರೂ ಊರ ಹೆಸರಿನಲ್ಲಿ ಅದು ಸೇರಿಕೊಂಡಿದೆ ನೋಡಿ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದುವು. ದೀಪದೆಣ್ಣೆಗೆಂದು 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಎಂದು ಬೇರೆಬೇರೆಯಾಗಿ ಬಿಟ್ಟಿದ್ದರು. ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಎಂದು ಗೊತ್ತುಮಾಡಿದ್ದರು. ಯಾರ ಮನೆಯಲ್ಲಿ ಔತಣ ನಡೆದರೂ ಶಾಲೆಯ ಗುರುಶಿಷ್ಯರಿಗೆ ಶಕ್ತಿಯಿದ್ದಷ್ಟು ಉಣಬಡಿಸಬೇಕೆಂಬುದೂ ಕಟ್ಟಳೆಯೇ. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವೂ ಇಂಥದೇ: ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 52, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ, ಎಲ್ಲರ ಜೀವನಕ್ಕೂ ಭೂಮಿ.

ತಮಿಳುನಾಡಿನ ಎಣ್ಣಾಯಿರದ ಶಾಸನ ಇನ್ನೂ ಕರಾರುವಾಕ್ಕು. ರಾಜೇಂದ್ರ ಚೋಳನ ಕಾಲದ್ದು. ಕಿರಿಯ ವಿದ್ಯಾರ್ಥಿಗಳು 270, ಹಿರಿಯರು 70, ಒಟ್ಟು 340. ಕಿರಿಯನಿಗೆ ದಿನಕ್ಕೆ 6 ನಾಳಿ ಭತ್ತ, ಹಿರಿಯನಿಗೆ 10 ನಾಳಿ. ಇದಕ್ಕೆಲ್ಲ 45 ವೇಲಿ ಭೂಮಿ. ನಾನು ಗುಣಿಸಿ ನೋಡಿದೆ: ವಿದ್ಯಾರ್ಥಿಗಳಿಗೇ ದಿನಕ್ಕೆ 2,320 ನಾಳಿ. ಬರೆದದ್ದು ಹಣದಲ್ಲಿ ಅಲ್ಲ, ಭತ್ತದಲ್ಲಿ. ಬೆಲೆ ಏರಿದರೂ ಇಳಿದರೂ ಹುಡುಗನ ಹೊಟ್ಟೆಗೆ ಆರು ನಾಳಿ ಆರು ನಾಳಿಯೇ. ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರನ ಕಾಲದ ಶಾಸನವಂತೂ ಮಲಗುವ ಚಾಪೆಯನ್ನೂ ರಾತ್ರಿಯ ದೀಪವನ್ನೂ ಶನಿವಾರದ ಅಭ್ಯಂಜನದ ಎಣ್ಣೆಯನ್ನೂ ಬಿಡದೆ ಲೆಕ್ಕ ಹಿಡಿದಿದೆ. ಅದನ್ನು ಬರೆಸಿದವರ ಮನೆಯಲ್ಲಿ ಓದುವ ಹುಡುಗರಿದ್ದಿರಬೇಕೆಂದು ನನಗೆ ಪ್ರತಿಸಾರಿಯೂ ಅನ್ನಿಸುತ್ತದೆ.

ಶಾಸನಗಳಲ್ಲಿ ದಾನದ ಭೂಮಿಗೆ ಎಲ್ಲೆಗಳನ್ನು ಹೇಳುವ ಭಾಗ ಒಂದುಂಟು. ಮೂಡಲು ಕೆರೆಯ ಏರಿ, ತೆಂಕಲು ನೆಟ್ಟ ಕಲ್ಲು, ಪಡುವಲು ಹಳ್ಳ, ಬಡಗಲು ಆಲದ ಮರ ಎಂದು ಹೀಗೆ. ವಿದ್ಯಾರ್ಥಿಯಾಗಿದ್ದಾಗ ಈ ಭಾಗವನ್ನು ನಾವು ಹಾರಿಸಿ ಓದುತ್ತಿದ್ದೆವು. ರಾಜನ ಬಿರುದುಗಳಿಗೆ ಇದ್ದ ಬೆಲೆ ಇದಕ್ಕಿರಲಿಲ್ಲ. ಈಗ ನನಗೆ ಅದೇ ಹೆಚ್ಚು ಪ್ರಿಯ. ಯಾವ ಊರಿನ ಅಕ್ಕಿ ಎಂದು ಅಂದಿನ ಹುಡುಗ ಕೇಳಿದ್ದರೆ ಉಪಾಧ್ಯಾಯ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಆ ಕಲ್ಲನ್ನೂ ಆ ಮರವನ್ನೂ ತೋರಿಸಬಹುದಾಗಿತ್ತು. 250 ಮೈಲಿಯ ಸುತ್ತುಗೆರೆಗೂ ಇದಕ್ಕೂ ಎಷ್ಟು ಅಂತರ! ಆದರೆ ಹೊಗಳಿಕೆಗೂ ಒಂದು ಎಲ್ಲೆ ಬೇಕು. ಆ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಗದ್ದೆಯನ್ನು ಉತ್ತವರ ಮಕ್ಕಳು ಒಳಗೆ ಕುಳಿತು ಉಂಡವರಲ್ಲ. ಉತ್ತವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲೂ ಇಲ್ಲ. ಕಕ್ಸಮ್ಮಿನ ರಾಬರ್ಟನ ಮಟ್ಟಿಗೆ ಆ ಇಂಗ್ಲಿಷ್ ಸುರುಳಿಗಳು ನಮ್ಮ ಶಿಲಾಶಾಸನಗಳಿಗಿಂತ ಉದಾರ.

ಹಣ ಮತ್ತು ಧಾನ್ಯದ ವ್ಯತ್ಯಾಸವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕಾಲೇಜಿಗೆ ಸೇರಿದ ವರ್ಷ ನಾನು ಪಟ್ಟಣದ ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ನಮ್ಮ ತಂದೆ ಎತ್ತಿನ ಗಾಡಿಯಲ್ಲಿ ನನ್ನ ಟ್ರಂಕಿನ ಜೊತೆಗೆ ಎರಡು ಪಲ್ಲ ರಾಗಿ ಹೇರಿಕೊಂಡು ಬಂದು, ನಿಲಯದ ಮೇಲ್ವಿಚಾರಕರ ಮುಂದೆ ಕೈಕಟ್ಟಿ ನಿಂತು, "ಸ್ವಾಮೀ, ಕೈಲಿ ಕಾಸಿಲ್ಲ, ರಾಗಿ ತಂದಿವ್ನಿ" ಎಂದರು. ಅವರು ಬೇರೇನೂ ಹೇಳದೆ ಉಗ್ರಾಣದವನನ್ನು ಕರೆದು ಅಳೆಸಿಕೊಂಡರು. ದಪ್ಪನೆಯ ಪುಸ್ತಕದಲ್ಲಿ ನನ್ನ ಹೆಸರು, ತಂದೆಯ ಹೆಸರು, ಊರು, ರಾಗಿ ಎರಡು ಪಲ್ಲ ಎಂದು ಬರೆದುಕೊಂಡರು. ಆ ವರ್ಷ ಮುದ್ದೆಯನ್ನು ಮುರಿಯುವಾಗಲೆಲ್ಲ ನಮ್ಮ ಹೊಲದ ಕೆಂಪು ಮಣ್ಣು ನೆನಪಿಗೆ ಬರುತ್ತಿತ್ತು. ನನ್ನದೇ ರಾಗಿ ನನ್ನದೇ ತಟ್ಟೆಗೆ ಬಂದಿತೆಂದಲ್ಲ. ನೂರು ಹೊಲಗಳ ರಾಗಿ ಒಂದೇ ಕಣಜದಲ್ಲಿ ಬೆರೆತಿತ್ತು. ಆದರೂ ಬೇಡಿ ಉಂಡಂತೆ ಒಂದು ದಿನವೂ ಅನ್ನಿಸಲಿಲ್ಲ.

ಮರುವರ್ಷ ಆಡಳಿತ ಬದಲಾಯಿತು. ಧಾನ್ಯ ತೆಗೆದುಕೊಳ್ಳುವುದು ತೊಡಕಿನ ಕೆಲಸ, ಲೆಕ್ಕ ತಪ್ಪುತ್ತದೆ, ಇನ್ನು ಮೇಲೆ ಎಲ್ಲರೂ ಹಣವನ್ನೇ ಕಟ್ಟತಕ್ಕದ್ದು ಎಂದು ಪ್ರಕಟಣೆ ಹಾಕಿದರು. ಲೆಕ್ಕ ಸುಲಭವಾದದ್ದು ನಿಜ. ದಪ್ಪ ಪುಸ್ತಕದ ಬದಲು ರಸೀತಿ ಪುಸ್ತಕ ಬಂದಿತು. ನಮ್ಮ ತಂದೆ ಸುಗ್ಗಿಯ ಕಾಲದಲ್ಲೇ, ಎಲ್ಲರೂ ಮಾರುವ ಹೊತ್ತಿನಲ್ಲೇ, ಮಂಡಿಯಲ್ಲಿ ರಾಗಿ ಮಾರಬೇಕಾಯಿತು. ಎರಡು ಪಲ್ಲಕ್ಕೆ ಆಗುತ್ತಿದ್ದ ಊಟ ಮೂರೂವರೆ ಪಲ್ಲ ಮಾರಿದರೂ ಪೂರೈಸಲಿಲ್ಲ. ಮುಂಗಾರು ಹಿಡಿಯುವ ಮುಂಚೆಯೇ ಮನೆಯ ಕಣಜ ತಳ ಕಂಡಿತು. ನಮ್ಮಕ್ಕ ಆ ವರ್ಷ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋದಳು. ಇದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವಳ ಬಾಯಿಂದ. ಎಲಿಜಬೆತ್ ರಾಣಿಯ ಶಾಸನವನ್ನು ಮೊದಲ ಸಾರಿ ಓದಿದಾಗ ನನಗೆ ನೆನಪಾದದ್ದು ಆಕ್ಸ್‌ಫರ್ಡಲ್ಲ, ಅಕ್ಕನ ಕೈ.

ಆದುದರಿಂದ ಅಮೆರಿಕಾದ ವಿದ್ಯಾರ್ಥಿಗಳ ಶ್ರಮವನ್ನು ಮೆಚ್ಚುತ್ತಲೇ, ಅವರ ಅಂಕಪಟ್ಟಿಯಲ್ಲಿ ಡಾಲರಿನ ಪಕ್ಕದಲ್ಲಿ ಮಣವೋ ಬುಷೆಲ್ಲೋ ಇನ್ನೊಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಹಣದ ಲೆಕ್ಕ ಬೇಡವೆಂದಲ್ಲ. ಬಿಲ್ಲು ಸಿಕ್ಕುವುದೇ ಹಣದಲ್ಲಿ. ನೂರು ಬಗೆಯ ಪದಾರ್ಥಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಹಣವಲ್ಲದೆ ಬೇರೆ ಕಲ್ಲಿಲ್ಲ. ಹೆಂಡ್ರಿಕ್ಸ್ ಕಾಲೇಜು ಆ ಹುಡುಗರ ಲೆಕ್ಕ ನೋಡಿದ ಮೇಲೆ ತನ್ನ ರಾಜ್ಯದೊಳಗಿನ ಖರೀದಿಯನ್ನು ಹೆಚ್ಚಿಸಿಕೊಂಡದ್ದೂ ನಿಜವೇ.

ನಮ್ಮ ಶಾಲೆಯ ದಾಸ್ತಾನು ಪುಸ್ತಕದ ಅಂಕಣಗಳನ್ನು ಬದಲಿಸುವ ಅಧಿಕಾರ ನನಗಿಲ್ಲ. ಅದಕ್ಕಾಗಿ ಇನ್ನೂರು ಪುಟದ ಬೇರೊಂದು ನೋಟುಪುಸ್ತಕ ತಂದು ಆ ಹುಡುಗನ ಕೈಗೆ ಕೊಟ್ಟೆ. ಅವನೂ ಅವನ ಇಬ್ಬರು ಗೆಳೆಯರೂ ಅಡಿಗೆಯ ಅಮ್ಮಂದಿರನ್ನು ಕೇಳಿ ದಿನವೂ ಬರೆಯುತ್ತಾರೆ. ಪದಾರ್ಥ, ತೂಕ, ಊರು, ಬೆಳೆದವರ ಹೆಸರು ಎಂದು ನಾಲ್ಕು ಅಂಕಣ. ಬೆಲೆಯ ಅಂಕಣ ಅವರು ಹಾಕಲಿಲ್ಲ, ನಾನೂ ಹೇಳಲಿಲ್ಲ. ಕುಂಬಳಕಾಯಿ ಸಂತೆಯದು, ಬೆಳೆದವರ ಹೆಸರು ತಿಳಿಯದು ಎಂದಿದೆ. ಬದನೆಕಾಯಿ ಕೆರೆ ಹಿಂದಿನ ತೋಟದ್ದು, ಬೆಳೆದವರು ಅಡಿಗೆಯ ಅಮ್ಮನವರ ತಮ್ಮ. ನುಗ್ಗೆಸೊಪ್ಪಿನ ಮುಂದೆ ಶಾಲೆಯ ಹಿತ್ತಿಲು ಎಂದು ಬರೆದು, ಬೆಳೆದವರ ಅಂಕಣದಲ್ಲಿ ಹತ್ತು ವರ್ಷದ ಕೆಳಗೆ ಆ ಮರ ನೆಟ್ಟು ವರ್ಗವಾಗಿ ಹೋದ ಜವಾನನ ಹೆಸರನ್ನು ಯಾರನ್ನೋ ವಿಚಾರಿಸಿ ಬರೆದಿದ್ದಾರೆ. ಅಕ್ಕಿಯ ಸಾಲಿನಲ್ಲಿ ತೂಕ ಮಾತ್ರ ಇದೆ. ಊರಿನ ಜಾಗವನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ.